ಮೋಲ್ಡ್ ಹಾಕುವ ದಿನ

ಸರ್ಜಾಪುರ ರಸ್ತೆಯಿಂದ ಒಳಕ್ಕೆ ತಿರುಗಿ, ನೀಲಗಿರಿ ತೋಪಿನ ಪಕ್ಕದ ಮಣ್ಣುದಾರಿ ಹಿಡಿದರೆ, ಹಸಿರು ಬಲೆ ಹೊದ್ದ ಕಟ್ಟಡ ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಕೇಳಿಸುತ್ತದೆ. ಕಂಬಿ ಕತ್ತರಿಸುವ ಯಂತ್ರದ ಚೀರು, ಹಲಗೆಗೆ ಮೊಳೆ ಬಡಿಯುವ ಸುತ್ತಿಗೆಯ ಏಟು, ಮೇಲೆಲ್ಲೋ ನಿಂತು ಕೆಳಗಿನವರಿಗೆ ‘ಹುಷಾರ್’ ಎಂದು ಕೂಗುವವನ ದನಿ. ಬೆಳಗಿನ ಏಳೂವರೆಗೇ ಗೇಟಿನ ಹೊರಗಿನ ತಳ್ಳುಗಾಡಿಯಲ್ಲಿ ಚಿತ್ರಾನ್ನ ತಳ ಕಂಡಿರುತ್ತದೆ. ಪೇಪರ್ ಲೋಟದ ಟೀ ಹಿಡಿದ ಗಂಡಸರು, ತಲೆಗೆ ಟವೆಲ್ ಸುತ್ತಿ ಸೀರೆಯ ಮೇಲೊಂದು ತುಂಬುತೋಳಿನ ಅಂಗಿ ಏರಿಸಿಕೊಂಡ ಹೆಂಗಸರು, ಸಾಲಾಗಿ ನಿಂತು ಗೇಟಿನಲ್ಲಿ ಮುಖ ತೋರಿಸುತ್ತಾರೆ. ಕಾವಲುಗಾರನ ಕೈಯಲ್ಲಿರುವ ಫೋನು ಒಬ್ಬೊಬ್ಬರ ಮುಖವನ್ನೂ ಗುರುತು ಹಿಡಿದು ಸಣ್ಣಗೆ ‘ಟಿಂಗ್’ ಎನ್ನುತ್ತದೆ. ಹಾಜರಿ ಬಿತ್ತು.

ಇವತ್ತು ಮೋಲ್ಡ್ ಹಾಕುವ ದಿನ. ಆರನೇ ಮಹಡಿಯ ತಾರಸಿ. ಕಟ್ಟಡದ ಕೆಲಸ ಬಲ್ಲವರಿಗೆ ಈ ದಿನದ ಗಡಿಬಿಡಿ ಗೊತ್ತು. ಬೇರೆ ಕೆಲಸಗಳನ್ನು ಅರ್ಧಕ್ಕೆ ನಿಲ್ಲಿಸಬಹುದು, ನಾಳೆಗೆ ಮುಂದೂಡಬಹುದು. ಕಾಂಕ್ರೀಟು ಸುರಿಯುವುದಕ್ಕೆ ಶುರುವಾದ ಮೇಲೆ ಮಾತ್ರ ಕೊನೆ ಮುಟ್ಟುವವರೆಗೆ ನಿಲ್ಲುವಂತಿಲ್ಲ.

ಮೆಟ್ಟಿಲು ಹತ್ತಿ ಮೇಲೆ ಬನ್ನಿ. ಮೆಟ್ಟಿಲಿಗಿನ್ನೂ ಕಲ್ಲು ಹಾಸಿಲ್ಲ, ಕಟಾಂಜನವಿಲ್ಲ, ಕಬ್ಬಿಣದ ಪೈಪೊಂದನ್ನು ಅಡ್ಡ ಕಟ್ಟಿದ್ದಾರೆ. ನಾಲ್ಕನೇ ಮಹಡಿಯಲ್ಲಿ ಗೋಡೆ ಏಳುತ್ತಿದೆ, ಗಾರೆ ಕಲಸಿದ ಹಸಿ ವಾಸನೆ. ಐದರಲ್ಲಿ ಕಾಲಿಡುವುದಕ್ಕೆ ಜಾಗವಿಲ್ಲ. ಮೇಲಿನ ಹಲಗೆಗಳನ್ನು ಹೊತ್ತ ನೂರಾರು ಕಬ್ಬಿಣದ ಆಧಾರಗಳು ಒತ್ತೊತ್ತಾಗಿ ನಿಂತಿವೆ, ಅವುಗಳ ನಡುವೆ ಬೆಳಕು ಪಟ್ಟಿಪಟ್ಟಿಯಾಗಿ ಬೀಳುತ್ತದೆ. ಇನ್ನೊಂದು ಅಂತಸ್ತು ಹತ್ತಿ ತಲೆ ಹೊರಗೆ ಹಾಕಿದರೆ ಇಡೀ ತಾರಸಿ ಕಂಬಿಗಳ ಬಲೆ. ಎಣ್ಣೆ ಬಳಿದ ಪ್ಲೈವುಡ್ಡಿನ ಮೇಲೆ ಕವರ್ ಬ್ಲಾಕುಗಳ ಪುಟ್ಟ ಚೌಕಗಳು, ಅವುಗಳ ಮೇಲೆ ಕಂಬಿ, ಕಂಬಿಯ ಸಂದಿಗಳಲ್ಲಿ ಹಾವಾಡುವ ಕರೆಂಟಿನ ಪೈಪುಗಳು. ಒಡಿಶಾದ ಹುಡುಗರು ಕುಕ್ಕರುಗಾಲಿನಲ್ಲಿ ಕೂತು ಬೈಂಡಿಂಗ್ ವೈರಿನ ಕೊನೆಯ ಗಂಟುಗಳನ್ನು ಬಿಗಿಯುತ್ತಿದ್ದಾರೆ. ಒಬ್ಬ ಪೈಪಿನಿಂದ ನೀರು ಹೊಡೆದು ಹಲಗೆಯ ಮೇಲಿನ ಮರದ ಪುಡಿ, ತಂತಿಯ ಚೂರು, ಒಂದೆರಡು ಗುಟ್ಕಾ ಚೀಟಿ ಎಲ್ಲವನ್ನೂ ಮೂಲೆಗೆ ತಳ್ಳುತ್ತಿದ್ದಾನೆ.

ಬಲೆಯ ನಡುವೆ ಹಲಗೆಯಿಂದ ಹಲಗೆಗೆ ಕಾಲಿಡುತ್ತಾ ಒಬ್ಬಳು ಎಂಜಿನಿಯರ್ ಓಡಾಡುತ್ತಿದ್ದಾಳೆ. ಹಾಸನದ ಕಡೆಯವಳು, ಬಿಳಿ ಹೆಲ್ಮೆಟ್ಟು, ಸಿಮೆಂಟು ಹಿಡಿದ ಬೂಟು, ಕೊರಳಿನಿಂದ ಇಳಿಬಿಟ್ಟ ಪ್ಲಾಸ್ಟಿಕ್ ಚೀಲದೊಳಗೆ ಫೋನು. ಅಲ್ಲಲ್ಲಿ ಬಗ್ಗಿ ಟೇಪು ಹಿಡಿದು ಕಂಬಿಯಿಂದ ಕಂಬಿಗಿರುವ ಅಂತರ ಅಳೆಯುತ್ತಾಳೆ, ಟೇಪು ಕಾಣುವಂತೆ ಫೋಟೊ ತೆಗೆಯುತ್ತಾಳೆ, ಫೋನಿನ ತೆರೆಯಲ್ಲಿ ಬೆರಳಿಟ್ಟು ಒಂದು ಚೌಕಕ್ಕೆ ಗುರುತು ಹಾಕುತ್ತಾಳೆ. ನಕ್ಷೆಯೂ ಅದೇ ಫೋನಿನಲ್ಲಿದೆ. ವಿನ್ಯಾಸಕಾರರು ನಿನ್ನೆ ರಾತ್ರಿ ತಿದ್ದಿ ಕಳಿಸಿದ್ದರೆ ಬೆಳಿಗ್ಗೆ ಹೊಸದೇ ಕಾಣಿಸುತ್ತದೆ, ಹಳೆಯದು ಹಿಂದಕ್ಕೆ ಸರಿಯುತ್ತದೆ. ಕಾಗದದ ಕಾಲದಲ್ಲಿ ಆಫೀಸಿನವರ ಕೈಯಲ್ಲಿ ಒಂದು ನಕ್ಷೆ, ಮೇಸ್ತ್ರಿಯ ಕಂಕುಳಲ್ಲಿ ಅದರ ಹಿಂದಿನದು ಇದ್ದು, ಎದ್ದ ಗೋಡೆಯನ್ನು ಒಡೆದು ಮತ್ತೆ ಕಟ್ಟಿದ ಕಥೆಯಿಲ್ಲದ ಸೈಟು ಸಿಗುವುದು ಕಷ್ಟ.

ಎಲ್ಲ ಚೌಕಗಳೂ ಹಸಿರಾಗಿವೆ, ಒಂದರ ಹೊರತು. ಬಿ ಬ್ಲಾಕಿನ ಮೂಲೆಯ ಬಚ್ಚಲಿನಲ್ಲಿ ನೀರಿನ ಪೈಪು ಕೆಳಗಿಳಿಯುವುದಕ್ಕೆ ಬಿಡಬೇಕಾದ ತೂತು. ಅಲ್ಲೊಂದು ಪೈಪಿನ ತುಂಡು ನಿಲ್ಲಿಸಿ ಕಟ್ಟಿರಬೇಕಿತ್ತು, ಇಲ್ಲ. ಪ್ಲಂಬರ್ ಬಂದಿಲ್ಲ.

“ಅದೊಂದು ಆಮೇಲೆ ಕೊರೆಸ್ಕೊಂಡ್ರಾಯ್ತು ಮೇಡಂ, ಲಾರಿ ಹೊರಡೋ ಟೈಮಾಯ್ತು,” ಎನ್ನುತ್ತಾನೆ ಮೇಸ್ತ್ರಿ. ಕೋಲಾರದ ಕಡೆಯವನು, ಐವತ್ತು ದಾಟಿದೆ, ಕಿವಿಯ ಮೇಲೆ ಪೆನ್ಸಿಲು.

“ಕೊರೆಯೋಕೆ ಹೋದ್ರೆ ಕಂಬಿ ಕಟ್ ಆಗತ್ತೆ ಅಣ್ಣ. ಒಂಬತ್ತೂವರೆ ತನಕ ನೋಡೋಣ,” ಎಂದು ಅವಳು ಫೋನು ಕಿವಿಗಿಟ್ಟುಕೊಳ್ಳುತ್ತಾಳೆ.

ಆ ಒಂದು ಚೌಕ ಹಸಿರಾಗದೆ ‘ಕಾಂಕ್ರೀಟು ಹಾಕಬಹುದು’ ಎಂಬ ಗುಂಡಿ ಒತ್ತಲಾಗದಂತೆ ಫೋನಿನ ತಂತ್ರಾಂಶದಲ್ಲಿ ಕಟ್ಟು ಹಾಕಿಟ್ಟಿದ್ದಾರೆ. ಸೈಟಿನ ಗಡಿಬಿಡಿಯಲ್ಲಿ ಮನುಷ್ಯ ಮರೆಯುವುದನ್ನು ಅದು ಮರೆಯುವುದಿಲ್ಲ. ತಾರಸಿ ಗಟ್ಟಿಯಾದ ಮೇಲೆ ತೂತು ಕೊರೆಯುವುದೆಂದರೆ ಯಂತ್ರ ತರಿಸಬೇಕು, ಅದಕ್ಕೆ ಬಾಡಿಗೆ, ಅದನ್ನು ನಡೆಸುವವನಿಗೆ ಕೂಲಿ; ಆ ಬಚ್ಚಲಿನ ಟೈಲ್ಸು ಕೆಲಸ ಒಂದೆರಡು ದಿನ ಹಿಂದೆ; ಮೇಲಾಗಿ ಮುಂದೆಂದೋ ಆ ಸಂದಿನಿಂದ ನೀರು ಜಿನುಗುವ ಭಯ. ಇಷ್ಟೆಲ್ಲವೂ ಬೆಳಿಗ್ಗೆ ಅರ್ಧ ಗಂಟೆ ಕಾದರೆ ಉಳಿಯುತ್ತದೆ. ಕಟ್ಟಡ ತಡವಾಗುವುದು, ದುಡ್ಡು ಮೀರುವುದು ದೊಡ್ಡ ಅನಾಹುತಗಳಿಂದಲೇ ಎಂದು ಹೊರಗಿನವರು ತಿಳಿದಿರುತ್ತಾರೆ. ಹೆಚ್ಚಿನ ಸಲ ಅದು ಹೀಗೆ ಒಂದು ಪೈಪಿನ ತುಂಡಿನಿಂದ, ಬಾರದ ಒಬ್ಬ ಪ್ಲಂಬರನಿಂದ ಶುರುವಾಗುತ್ತದೆ.

ಪ್ಲಂಬರ್ ಒಂಬತ್ತಕ್ಕೆ ಏದುಸಿರು ಬಿಡುತ್ತಾ ಬರುತ್ತಾನೆ. ತುಂಡು ನಿಲ್ಲುತ್ತದೆ, ಬಾಯಿಗೆ ಗೋಣಿಚೂರು ತುರುಕಿ ಕಟ್ಟುತ್ತಾರೆ, ಫೋಟೊ, ಹಸಿರು ಗುರುತು. ಅತ್ತ ಮಿಕ್ಸಿಂಗ್ ಪ್ಲಾಂಟಿನ ಕಂಪ್ಯೂಟರಿನಲ್ಲಿ ‘ಕಳಿಸಿ’ ಎಂಬ ಸಂದೇಶ ಮೂಡುತ್ತದೆ.

ಮೊದಲ ಲಾರಿ ಬರುವಷ್ಟರಲ್ಲಿ ಬಿಸಿಲು ಏರಿದೆ. ಬೆಂಗಳೂರಿನಲ್ಲಿ ಬೆಳಗ್ಗೆ, ಸಂಜೆ ಜನ ಕೆಲಸಕ್ಕೆ ಹೋಗಿಬರುವ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ರಸ್ತೆಯ ಮೇಲೆ ಕಟ್ಟುಪಾಡಿದೆ. ನಡುವೆ ಸಿಗುವ ಐದಾರು ಗಂಟೆಗಳೇ ಇವರ ಪಾಲಿನವು. ಹೊಟ್ಟೆ ತಿರುಗಿಸುತ್ತಾ ಬಂದ ಲಾರಿ ಪಂಪಿನ ಬಾಯಿಗೆ ಹಿಂಬದಿ ಕೊಟ್ಟು ನಿಲ್ಲುತ್ತದೆ. ಚಾಲಕ ಚಲನ್ ಚಾಚುತ್ತಾನೆ. ಅದರ ಮೇಲೆ ಕಲಸಿದ ಹೊತ್ತು ಅಚ್ಚಾಗಿದೆ, ಏಕೆಂದರೆ ಲಾರಿಗೆ ತುಂಬಿದ 2 ಗಂಟೆಯೊಳಗೆ ಮಾಲು ಇಳಿಯಬೇಕೆಂಬುದು ಸಿದ್ಧ ಕಾಂಕ್ರೀಟಿನ ಭಾರತೀಯ ಮಾನಕದ ನಿಯಮ. ಕೆಳಗೆ ನಿಂತ ಹುಡುಗ ಚಲನ್ನಿನ ಫೋಟೊ ತೆಗೆದು ಏರಿಸುತ್ತಾನೆ. ಇನ್ನೊಬ್ಬ ತಗಡಿನ ಶಂಕುವಿನೊಳಗೆ ಕಾಂಕ್ರೀಟು ತುಂಬಿ, ಸಲಾಕೆಯಿಂದ ಕುಟ್ಟಿ, ಶಂಕುವನ್ನು ಮೆಲ್ಲಗೆ ಮೇಲೆತ್ತುತ್ತಾನೆ. ಬೂದುಬಣ್ಣದ ಗುಡ್ಡೆ ಎಷ್ಟು ಕುಸಿಯಿತೆಂದು ಅಳೆಯುತ್ತಾನೆ. ಕುಸಿತ ಸರಿಯಿದ್ದರೆ ಮಾತ್ರ ಪಂಪಿಗೆ.

ಆಮೇಲಿನದು ನೋಡಲೇಬೇಕಾದ ನೋಟ. ಪಂಪು ಗುಡುಗುತ್ತದೆ, ಗೋಡೆಗುಂಟ ಏರಿದ ಉಕ್ಕಿನ ಕೊಳವೆ ನಡುಗುತ್ತದೆ, ಮೇಲೆ ರಬ್ಬರು ಮೂತಿಯನ್ನು ಇಬ್ಬರು ತಬ್ಬಿ ಹಿಡಿದಿದ್ದಾರೆ. ಕಾಂಕ್ರೀಟು ಕೆಮ್ಮಿಕೊಂಡು ಹೊರಬೀಳುತ್ತದೆ. ಗುದ್ದಲಿಯವರು ಎಳೆದು ಹರಡುತ್ತಾರೆ. ವೈಬ್ರೇಟರಿನವನು ತನ್ನ ಉದ್ದನೆಯ ಸೂಜಿಯನ್ನು ಹತ್ತಿರ ಹತ್ತಿರಕ್ಕೆ ಅದ್ದಿ ಎತ್ತುತ್ತಾ, ಗಾಳಿಗುಳ್ಳೆಗಳು ಮೇಲೆ ಬಂದು ಒಡೆಯುವುದನ್ನು ಕಣ್ಣಲ್ಲೇ ಎಣಿಸುತ್ತಾನೆ. ಹೆಚ್ಚು ಹೊತ್ತು ಅದ್ದಿದರೆ ಜಲ್ಲಿ ತಳಕ್ಕೆ ಕೂರುತ್ತದೆ, ಕಡಿಮೆಯಾದರೆ ಒಳಗೆ ಪೊಳ್ಳು ಉಳಿಯುತ್ತದೆ. ಅವನ ಹಿಂದೆ ಮಟ್ಟಪಟ್ಟಿ ಎಳೆಯುವವರು, ಅವರ ಹಿಂದೆ ಕರಣೆ ಹಿಡಿದು ಕೈ ಆಡಿಸುವ ಮೇಸ್ತ್ರಿ. ಗಾಳಿಯಲ್ಲಿ ಹಸಿ ಸಿಮೆಂಟಿನ ಬಿಸಿ ವಾಸನೆ, ಡೀಸೆಲ್ ಹೊಗೆ. ಬೆವರೊರೆಸಿದ ಕೈಯ ಗಾರೆ ಹಣೆಗೆ ಹತ್ತಿ ಒಣಗುತ್ತಿದೆ. ಒಟ್ಟು 18 ಲಾರಿ, ಒಂದೊಂದರಲ್ಲಿ 6 ಘನ ಮೀಟರ್. ಅಷ್ಟು ಕಾಂಕ್ರೀಟಿಗೆ ಆರು ಬಾರಿ ಮಾದರಿ ತೆಗೆದು, 150 ಮಿಲಿಮೀಟರಿನ ಕಬ್ಬಿಣದ ಅಚ್ಚುಗಳಿಗೆ ತುಂಬಿ, ದಿನಾಂಕ ಬರೆದು ನೆರಳಿನಲ್ಲಿ ಜೋಡಿಸುತ್ತಾರೆ. 7ನೇ ದಿನ ಕೆಲವನ್ನು, 28ನೇ ದಿನ ಉಳಿದವನ್ನು ಯಂತ್ರದಲ್ಲಿಟ್ಟು ಒಡೆಯುತ್ತಾರೆ. ಆ ದಿನ ಬಂದಾಗ ನೆನಪಿಸುವ ಕೆಲಸ ಫೋನಿನದು.

ಒಂಬತ್ತನೆಯ ಲಾರಿ ಬರಲಿಲ್ಲ.

ಪಂಪು ಸುಮ್ಮನಾಯಿತು. ಕೊಳವೆ ಹಿಡಿದವರು ಕೈ ಬಿಟ್ಟರು, ಗುದ್ದಲಿಯವರು ನೀರಿನ ಕ್ಯಾನಿನ ಕಡೆ ಸರಿದರು. ಎಂಜಿನಿಯರ್ ಫೋನು ನೋಡಿದಳು. ನಗರದ ನಕ್ಷೆಯ ಮೇಲೆ ಲಾರಿಗಳೆಲ್ಲ ಪುಟ್ಟ ಚುಕ್ಕೆಗಳು, ಅವುಗಳಲ್ಲೊಂದು ದೊಮ್ಮಸಂದ್ರದ ಹತ್ತಿರ ಕದಲದೆ ನಿಂತಿದೆ. ಹಿಂದಿನ ಎರಡು ಚುಕ್ಕೆಗಳೂ ಅದರ ಬೆನ್ನಿಗೇ. ಸುರಿದ ಕಾಂಕ್ರೀಟಿನ ಅಂಚು ಹೆಚ್ಚು ಹೊತ್ತು ಕಾದರೆ ಬಿಗಿಯುತ್ತದೆ, ಆಮೇಲೆ ಸುರಿದದ್ದು ಅದರೊಂದಿಗೆ ಬೆರೆಯದೆ ಸೀಳು ಉಳಿಯುತ್ತದೆ. ಮೇಸ್ತ್ರಿಗೆ ಯಾವ ನಕ್ಷೆಯೂ ಬೇಕಿರಲಿಲ್ಲ. ಅಂಚಿಗೆ ಬಂದು ಬೂಟಿನ ತುದಿಯಿಂದ ಒತ್ತಿ ನೋಡಿದ, “ಇನ್ನೂ ಮುಕ್ಕಾಲು ಗಂಟೆ ತಡಕೊಳ್ತದೆ,” ಎಂದ, ಒದ್ದೆ ಗೋಣಿ ತರಿಸಿ ಅಂಚಿಗೆ ಹೊದಿಸಿದ. ಅವಳು ಫೋನಿನಲ್ಲಿ ಕಂಡದ್ದೂ ಇವನು ಕಾಲಿನಲ್ಲಿ ಕಂಡದ್ದೂ ಒಟ್ಟು ಸೇರಿದಾಗ ತೀರ್ಮಾನ ಸುಲಭವಾಯಿತು: ಕಾಯುವುದು, ಲಾರಿ ಬಂದ ಮೇಲೆ ಸುರಿಯುವ ಅಗಲವನ್ನು ಅರ್ಧಕ್ಕೆ ಇಳಿಸಿ ಅಂಚನ್ನು ಬೇಗ ಬೇಗ ಮುಚ್ಚುತ್ತಾ ಹೋಗುವುದು. ನಲವತ್ತು ನಿಮಿಷಕ್ಕೆ ಲಾರಿಯ ಹಾರನ್ನು ಕೇಳಿಸಿತು.

ಆ ನಲವತ್ತು ನಿಮಿಷವನ್ನು ಅವಳು ಅಲ್ಲೇ ನಿಂತು ಬರೆದಳು. ‘ತಡ’ ಎಂಬ ಪುಟ ತೆರೆದು, ಎಷ್ಟು ಹೊತ್ತು, ಯಾಕೆ, ಎಷ್ಟು ಜನ ಕಾದರು, ಪಂಪು ಎಷ್ಟು ಹೊತ್ತು ಸುಮ್ಮನಿತ್ತು. ಇಡೀ ತಂತ್ರಾಂಶದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಈ ಪುಟ್ಟ ಪುಟ. ತಿಂಗಳ ಕೊನೆಗೆ ‘ಕೆಲಸ ಎಂಟು ದಿನ ಹಿಂದೆ ಬಿದ್ದಿದೆ’ ಎಂದು ಗೊತ್ತಾದಾಗ ಆ ಎಂಟು ದಿನ ಎಲ್ಲಿ ಹೋಯಿತೆಂದು ಯಾರಿಗೂ ನೆನಪಿರುವುದಿಲ್ಲ. ಗುತ್ತಿಗೆದಾರ ಮಳೆ ಎನ್ನುತ್ತಾನೆ, ಮಾಲೀಕರು ಕೂಲಿಯಾಳು ಸಾಲಲಿಲ್ಲ ಎನ್ನುತ್ತಾರೆ, ನಕ್ಷೆ ಬರೆದವರು ತಾವು ಸಮಯಕ್ಕೆ ಕೊಟ್ಟೆವೆನ್ನುತ್ತಾರೆ. ಎಲ್ಲರ ಮಾತಿನಲ್ಲೂ ಒಂದಿಷ್ಟು ನಿಜ. ಜಗಳ ಅಲ್ಲಿಂದ ಕಾಗದಕ್ಕೆ, ಕಾಗದದಿಂದ ವಕೀಲರಿಗೆ. ಅವತ್ತಿನದನ್ನು ಅವತ್ತೇ, ಎಲ್ಲರೂ ನೋಡುವ ಜಾಗದಲ್ಲಿ ಬರೆದಿಟ್ಟರೆ ಜಗಳಕ್ಕೆ ಹುಟ್ಟುವ ಎಡೆಯೇ ಕಡಿಮೆ.

ಊಟದ ಹೊತ್ತಿಗೆ ಕೆಳಗಿಳಿದು, ಗೇಟಿನ ಪಕ್ಕದ ತಗಡಿನ ಆಫೀಸಿಗೆ ಹೋಗೋಣ. ಒಳಗೆ ಫ್ಯಾನು ಸದ್ದು ಮಾಡುತ್ತಿದೆ, ಮೇಜಿನ ಮೇಲೆ ಟೈಲ್ಸಿನ ಮಾದರಿಗಳು, ಮೂಲೆಯಲ್ಲಿ ಸುರುಳಿ ಸುತ್ತಿದ ಹಳೆಯ ನಕ್ಷೆಗಳ ಕಟ್ಟು. ಪ್ಲಾನಿಂಗ್ ನೋಡಿಕೊಳ್ಳುವ ಎಂಜಿನಿಯರ್ ಟಿಫಿನ್ ಡಬ್ಬಿಯನ್ನು ಒಂದು ಕೈಯಲ್ಲೂ ಲ್ಯಾಪ್‌ಟಾಪನ್ನು ಇನ್ನೊಂದರಲ್ಲೂ ನಿಭಾಯಿಸುತ್ತಿದ್ದಾರೆ. ತೆರೆಯ ತುಂಬ ಅಡ್ಡಡ್ಡ ಪಟ್ಟಿಗಳು. ಪಾಯ ತೋಡಿದಾಗಿನಿಂದ ಲಿಫ್ಟಿಗೆ ಪೂಜೆ ಮಾಡುವವರೆಗಿನ ಕೆಲಸವೆಲ್ಲ ಒಂದರ ಕೆಳಗೊಂದು. ಈ ಪಟ್ಟಿಗಳನ್ನು ಬಳಕೆಗೆ ತಂದ ಅಮೆರಿಕದ ಹೆನ್ರಿ ಗ್ಯಾಂಟ್ ತೀರಿಕೊಂಡು ನೂರು ವರ್ಷ ದಾಟಿತು. ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ, ಕೆಂಪು ಪೆನ್ಸಿಲಿನಿಂದ ಪಟ್ಟಿ ಎಳೆಯುತ್ತಿದ್ದ ಎಂಜಿನಿಯರುಗಳ ತಲೆಮಾರು ನಮ್ಮಲ್ಲಿ ಇನ್ನೂ ಇದೆ. ಪಟ್ಟಿಗಳ ನಡುವೆ ಕೆಂಪು ಬಣ್ಣದ ಒಂದು ಸಾಲು ಕಾಣುತ್ತದಲ್ಲ, ಅದು 1950ರ ದಶಕದ ಕೊನೆಯ ಕೊಡುಗೆ: ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಕಂಡುಕೊಂಡ ಲೆಕ್ಕ. ಯಾವ ಕೆಲಸಗಳು ಒಂದು ದಿನ ತಡವಾದರೆ ಇಡೀ ಕಟ್ಟಡವೇ ಒಂದು ದಿನ ತಡವಾಗುತ್ತದೋ ಆ ಕೆಲಸಗಳ ಸರಪಳಿ ಅದು. ಮದುವೆಮನೆಯಲ್ಲಿ ಚಪ್ಪರದ ಹೂವು ಅರ್ಧ ಗಂಟೆ ತಡವಾಗಿ ಬಂದರೂ ನಡೆದೀತು, ಅಡುಗೆ ಭಟ್ಟರು ತಡವಾದರೆ ಪಂಕ್ತಿಯೇ ಏಳುವುದಿಲ್ಲ; ಕೆಂಪು ಸಾಲಿನಲ್ಲಿರುವುದು ಭಟ್ಟರು. ಕಾಂಪೌಂಡಿನ ಬಣ್ಣಕ್ಕೆ ಮೂರು ವಾರ ಸಡಿಲವಿದೆ, ಮೆಟ್ಟಿಲಿನ ಮೋಲ್ಡಿಗೆ ಒಂದು ದಿನವೂ ಇಲ್ಲ.

ಈ ಲೆಕ್ಕವನ್ನು ಕಂಪ್ಯೂಟರಿಗೆ ಇಳಿಸಿದ ಪ್ರೈಮಾವೆರಾ ಕಂಪನಿ ಶುರುವಾದದ್ದು 1983ರಲ್ಲಿ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಅದರ ಮರುವರ್ಷ ಬಂತು. ಅವೆರಡೂ ಬಹುಕಾಲ ಮುಖ್ಯ ಕಚೇರಿಯ ಒಂದು ಕಂಪ್ಯೂಟರಿನಲ್ಲಿ ಒಬ್ಬರ ಕೈಯಲ್ಲೇ ಇದ್ದವು. ತಿಂಗಳಿಗೊಮ್ಮೆ ಅಚ್ಚು ಹಾಕಿ ಸೈಟಿಗೆ ಕಳಿಸುವ ಹೊತ್ತಿಗೆ ಸೈಟು ಅದನ್ನು ದಾಟಿ ಎಲ್ಲೋ ಹೋಗಿರುತ್ತಿತ್ತು. ಈಗಿನ ಬದಲಾವಣೆ ಇರುವುದು ಆನ್‌ಲೈನ್ ಎಂಬುದರಲ್ಲಿ. ಪ್ರೊಕೋರ್, ಆಟೋಡೆಸ್ಕಿನ ತಂತ್ರಾಂಶಗಳು, ಬೆಂಗಳೂರಿನಲ್ಲೇ ನೆಲೆಗೊಂಡ ಪವರ್‌ಪ್ಲೇ ಮುಂತಾದವುಗಳಲ್ಲಿ ಮೇಲೆ ತಾರಸಿಯಲ್ಲಿ ನಿಂತವಳು ಒತ್ತಿದ ಗುರುತು ಕೆಳಗಿನ ಲ್ಯಾಪ್‌ಟಾಪಿನಲ್ಲಿ ಆ ಕ್ಷಣಕ್ಕೆ ಪಟ್ಟಿಯ ಬಣ್ಣ ಬದಲಿಸುತ್ತದೆ. ನಮ್ಮೆದುರೇ ‘ಸ್ಲ್ಯಾಬ್ 6’ ಎಂಬ ಪಟ್ಟಿ ಅರ್ಧ ತುಂಬಿತು, ಅದರ ಕೆಳಗೆ ಆಧಾರ ಬಿಚ್ಚುವ ದಿನಾಂಕಗಳು ತಾವಾಗಿಯೇ ಕೂತವು. ಸಾಮಾನ್ಯ ಸಿಮೆಂಟಾದರೆ 4.5 ಮೀಟರ್ ಅಗಲದವರೆಗಿನ ತಾರಸಿಯ ಆಧಾರಗಳಿಗೆ ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಎಂದು ನಮ್ಮ ಕಾಂಕ್ರೀಟ್ ಸಂಹಿತೆ ಹೇಳುತ್ತದೆ. ಆಧಾರ ಬಿಚ್ಚದೆ ಐದನೇ ಮಹಡಿಯ ಗೋಡೆ ಏಳುವಂತಿಲ್ಲ, ಗೋಡೆ ಏಳದೆ ಕರೆಂಟಿನವನಿಗೆ ಕೆಲಸವಿಲ್ಲ. ಆತುರಕ್ಕೆ ಬಿದ್ದು ಬೇಗ ಬಿಚ್ಚಿದ ತಾರಸಿಗಳು ಕುಸಿದು ಜನ ಸತ್ತ ಸುದ್ದಿ ಓದಿದ್ದೇವೆ. ಸಮಯ ಉಳಿಸುವ ತಂತ್ರಾಂಶ ‘ಇಲ್ಲಿ ಮಾತ್ರ ಉಳಿಸಬೇಡ’ ಎಂದೂ ಹೇಳಬೇಕು. ಇಲ್ಲಿ ಅದು ಹೇಳುತ್ತದೆ ಎಂಬುದನ್ನು ಕಂಡು ನನಗೆ ನೆಮ್ಮದಿಯಾಯಿತು.

ಪಕ್ಕದ ಕೋಣೆ ಸ್ಟೋರು. ಸಿಮೆಂಟಿನ 50 ಕಿಲೋ ಚೀಲಗಳು ನೆಲದ ತೇವ ತಾಗದಂತೆ ಹಲಗೆಯ ಮೇಲೆ ಅಟ್ಟಿ ಹತ್ತಿವೆ. ಸ್ಟೋರ್ ನೋಡಿಕೊಳ್ಳುವ ಹಿರಿಯರು ಉದ್ದನೆಯ ರಟ್ಟಿನ ಪುಸ್ತಕವನ್ನು ಇನ್ನೂ ಬಿಟ್ಟಿಲ್ಲ. ಅದರಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದು, ಆಮೇಲೆ ಫೋನಿಗೂ ಹಾಕುತ್ತಾರೆ. ಕಂಬಿಯ ಲಾರಿ ಬಂದರೆ ವೇಬ್ರಿಡ್ಜಿನ ಚೀಟಿಯನ್ನಷ್ಟೇ ನಂಬುವುದಿಲ್ಲ. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಸಿಗುತ್ತದೆಂಬುದು ಅವರಿಗೆ ಬಾಯಿಪಾಠ. 12 ಮಿಲಿಮೀಟರಿನದು ಮೀಟರಿಗೆ 0.888 ಕಿಲೋ, 12 ಮೀಟರ್ ಉದ್ದದ ಒಂದು ಕಂಬಿ ಹತ್ತೂವರೆ ಕಿಲೋಗೆ ಸ್ವಲ್ಪ ಮೇಲೆ. ತುಂಡುಗಳನ್ನು ಎಣಿಸಿ, ಗುಣಿಸಿ, ಚೀಟಿಗೆ ತಾಳೆ ನೋಡಿ, ಆಮೇಲೆ ‘ಬಂತು’ ಎಂಬ ಗುಂಡಿ.

ದುಡ್ಡಿನ ಕಾವಲು ನಿಜವಾಗಿ ನಡೆಯುವುದು ಈ ಕೋಣೆಯಲ್ಲಿ. ಕೊಳ್ಳಲು ಕೊಟ್ಟ ಆರ್ಡರು, ಗೇಟಿನಲ್ಲಿ ಇಳಿದ ಮಾಲು, ಅಂಗಡಿಯವರು ಕಳಿಸಿದ ಬಿಲ್ಲು ಮೂರೂ ಒಂದೇ ಆಗಿದ್ದರೆ ಮಾತ್ರ ಹಣ ಮುಂದಕ್ಕೆ ಹೋಗುತ್ತದೆ. ಒಂದರಲ್ಲಿ ಹತ್ತು ಚೀಲ ಹೆಚ್ಚುಕಡಿಮೆಯಾದರೂ ಅಲ್ಲೇ ನಿಲ್ಲುತ್ತದೆ. ಮನೆ ಕಟ್ಟಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ, ಬ್ಯಾಂಕಿನಲ್ಲಿ ಉಳಿದ ದುಡ್ಡು ನೋಡಿಕೊಂಡು ಸಮಾಧಾನಪಟ್ಟಿದ್ದೆವು, ಕಿಟಕಿಯವನಿಗೂ ಗ್ರಾನೈಟಿನವನಿಗೂ ಒಪ್ಪಿಕೊಂಡ ಮೊತ್ತ ಲೆಕ್ಕಕ್ಕೇ ಬಂದಿರಲಿಲ್ಲ ಎಂದು. ಖರ್ಚಾದದ್ದು ಒಂದು ಲೆಕ್ಕ, ಖರ್ಚು ಮಾಡುತ್ತೇವೆಂದು ಮಾತು ಕೊಟ್ಟದ್ದು ಇನ್ನೊಂದು. ತಂತ್ರಾಂಶ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಮೂರನೆಯದು ಇನ್ನೂ ಮುಖ್ಯ: ಕೊಟ್ಟ ದುಡ್ಡಿಗೆ ಎಷ್ಟು ಕೆಲಸ ಎದ್ದು ನಿಂತಿದೆ. ಈ ತಿಂಗಳು 60 ಲಕ್ಷ ರೂಪಾಯಿ ಬೆಲೆಯ ಕೆಲಸ ಮುಗಿಯಬೇಕಿತ್ತು ಎಂದಿಟ್ಟುಕೊಳ್ಳಿ, ಮುಗಿದದ್ದು 54 ಲಕ್ಷದ್ದು, ಖರ್ಚಾದ ಹಣ 57 ಲಕ್ಷ. ಖರ್ಚನ್ನಷ್ಟೇ ನೋಡಿದವನು ಮೂರು ಲಕ್ಷ ಉಳಿಯಿತೆಂದು ಖುಷಿಪಡುತ್ತಾನೆ. ಆಗಿರುವುದು ಬೇರೆ: ಕೆಲಸವೂ ಹತ್ತನೇ ಒಂದು ಪಾಲು ಹಿಂದೆ, ಆದ ಕೆಲಸಕ್ಕೆ ಮೂರು ಲಕ್ಷ ಹೆಚ್ಚೂ ಹೋಗಿದೆ. ಈ ಒಂದು ಹೋಲಿಕೆಯನ್ನು ವಾರವಾರವೂ ಮಾಡುವ ಸೈಟಿಗೂ ವರ್ಷದ ಕೊನೆಗೆ ಮಾಡುವ ಸೈಟಿಗೂ ಅಜಗಜಾಂತರ.

ತಡವೆಂಬುದು ಎಷ್ಟು ದುಬಾರಿ ಎಂದು ತಿಳಿಯಲು ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಈಜಿಪುರದ ಮೇಲ್ಸೇತುವೆಯ ಕಂಬಗಳು ತಲೆಯ ಮೇಲೆ ಕಂಬಿ ಹೊತ್ತು ಬಿಸಿಲುಮಳೆಯಲ್ಲಿ ವರ್ಷಗಟ್ಟಲೆ ನಿಂತದ್ದನ್ನು ಕೋರಮಂಗಲದ ಜನ ದಿನವೂ ನೋಡಿದರು. 2017ರಲ್ಲಿ ಶುರುವಾದ ಕೆಲಸದ ಗುತ್ತಿಗೆ 2022ರಲ್ಲಿ ರದ್ದಾಗಿ, ಮತ್ತೆ ಹೊಸಬರಿಗೆ ಹೋಯಿತು. ನಮ್ಮ ಮೆಟ್ರೊದ ಮೊದಲ ಹಂತಕ್ಕೆ 33 ಕಿಲೋಮೀಟರಿಗೆಂದು ಮೊದಲು ಮಂಜೂರಾದದ್ದು 6,395 ಕೋಟಿ ರೂಪಾಯಿ, 42.3 ಕಿಲೋಮೀಟರಾಗಿ 2017ರ ಜೂನಿನಲ್ಲಿ ಪೂರ್ತಿಯಾಗುವಾಗ ಅದು ಸುಮಾರು 14,000 ಕೋಟಿ ಮುಟ್ಟಿತ್ತು. ಉದ್ದ ಹೆಚ್ಚಿದ್ದು ನಿಜ, ಆದರೆ ಉದ್ದ ಹೆಚ್ಚಿದ್ದು ಮೂರನೇ ಒಂದು ಪಾಲಿನಷ್ಟೂ ಅಲ್ಲ, ಹಣ ದುಪ್ಪಟ್ಟು ದಾಟಿತು. 150 ಕೋಟಿ ಮತ್ತು ಅದಕ್ಕಿಂತ ದೊಡ್ಡ ಕೇಂದ್ರದ ಯೋಜನೆಗಳನ್ನು ಅಂಕಿಅಂಶ ಸಚಿವಾಲಯ ಆನ್‌ಲೈನಿನಲ್ಲೇ ಹಿಂಬಾಲಿಸುತ್ತದೆ. 2024ರ ಮಾರ್ಚಿನ ಅದರ ವರದಿಯಲ್ಲಿ ಅಂಥ 1,873 ಯೋಜನೆಗಳಿದ್ದವು, 779 ತಡವಾಗಿದ್ದವು, 449ರ ವೆಚ್ಚ ಮೇರೆ ಮೀರಿತ್ತು. ಲೆಕ್ಕ ಇಡುವ ಪರದೆ ದೆಹಲಿಯಲ್ಲಿದ್ದೂ ಇಷ್ಟು ತಡವೇಕೆ? ಭೂಮಿ ಕೈಗೆ ಬಾರದಿರುವುದು, ನೆಲದಡಿಯ ಕೇಬಲ್ಲು ಪೈಪುಗಳನ್ನು ಸರಿಸಲಾಗದಿರುವುದು, ಅನುಮತಿಯ ಕಡತ ಮೇಜಿನಿಂದ ಮೇಜಿಗೆ ಹೋಗದಿರುವುದು, ಇವನ್ನೆಲ್ಲ ಪರದೆ ತೋರಿಸಬಲ್ಲದು, ಬಿಡಿಸುವುದು ಮನುಷ್ಯರೇ. ತೋರಿಸಿದ್ದನ್ನು ನೋಡಿದ ಅಧಿಕಾರಿ ಆ ದಿನವೇ ಒಂದು ಫೋನು ಮಾಡಿದರೆ ಮಾತ್ರ ಪರದೆಗೆ ಬೆಲೆ.

ಅಪಾರ್ಟ್‌ಮೆಂಟುಗಳ ವಿಷಯದಲ್ಲಿ ಸಮಯಕ್ಕೆ ಮುಗಿಸುವ ಒತ್ತಡ ಕಾನೂನಿನಿಂದಲೇ ಬಂದಿದೆ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ ಪ್ರಕಾರ ಮನೆ ಕೊಂಡವರಿಂದ ಪಡೆದ ಹಣದಲ್ಲಿ ಶೇ 70ನ್ನು ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿಡಬೇಕು. ಕಟ್ಟಡ ಎಷ್ಟು ಎದ್ದಿದೆಯೋ ಅಷ್ಟಕ್ಕೆ ತಕ್ಕಂತೆ, ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಲೆಕ್ಕಪರಿಶೋಧಕರು ದೃಢೀಕರಿಸಿದ ಮೇಲೆ ತೆಗೆಯಬಹುದು. ಮೂರು ತಿಂಗಳಿಗೊಮ್ಮೆ ಪ್ರಗತಿಯನ್ನು ರೇರಾ ಜಾಲತಾಣಕ್ಕೆ ಏರಿಸಬೇಕು. ಮಾತು ಕೊಟ್ಟ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ತೆರಬೇಕು, ಕರ್ನಾಟಕದ ನಿಯಮದಂತೆ ಸ್ಟೇಟ್ ಬ್ಯಾಂಕಿನ ಸಾಲದ ದರದ ಮೇಲೆ ಶೇ 2ರಷ್ಟು. ಭಾನುವಾರ ಈ ಗೇಟಿಗೆ ಬಂದರೆ ಇದು ಯಾಕೆ ಬೇಕಿತ್ತೆಂದು ಗೊತ್ತಾಗುತ್ತದೆ. ಸ್ಕೂಟರಿನಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಬಂದ ಗಂಡಹೆಂಡಿರು ಗೇಟಿನಾಚೆಯಿಂದಲೇ ಕತ್ತೆತ್ತಿ, ‘ನಮ್ಮದು ಆ ಮೂಲೆ, ನಾಲ್ಕನೇ ಫ್ಲೋರು’ ಎಂದು ಮಗುವಿಗೆ ತೋರಿಸುತ್ತಾರೆ. ಅವರು ಇರುವ ಮನೆಗೆ ಬಾಡಿಗೆಯನ್ನೂ ಬರದ ಮನೆಗೆ ಸಾಲದ ಕಂತನ್ನೂ ಒಟ್ಟಿಗೆ ಕಟ್ಟುತ್ತಿರುವವರು. ಕೆಂಪು ಸಾಲಿನಲ್ಲಿ ಕಳೆದುಹೋದ ಒಂದು ತಿಂಗಳು ಅವರ ಅಡುಗೆಮನೆಯ ಖರ್ಚಿನಿಂದಲೇ ಹೋಗುವುದು.

ತಂತ್ರಾಂಶ ತಂದ ಸೈಟುಗಳಲ್ಲೆಲ್ಲ ಕೆಲಸ ನೆಟ್ಟಗಾಗಿದೆ ಎಂದು ಹೇಳಲಾರೆ. ಸಂಜೆ ಎಲ್ಲರೂ ಹೋದ ಮೇಲೆ ಅಂದಾಜಿನಲ್ಲಿ ಅಂಕಿ ತುಂಬುವುದು, ಹೋದ ವಾರದ ಫೋಟೊವನ್ನೇ ಈ ವಾರಕ್ಕೂ ಏರಿಸುವುದು, ಮಾಲೀಕರು ಬೈಯುತ್ತಾರೆಂದು ಶೇಕಡ ಮೂವತ್ತಾದ ಕೆಲಸವನ್ನು ಐವತ್ತೆಂದು ಬರೆಯುವುದು ಎಲ್ಲ ಕಡೆಯೂ ಇದ್ದದ್ದೇ. ತಡವಾಯಿತೆಂದು ನಿಜ ಬರೆದ ಹುಡುಗಿಯನ್ನು ಮರುದಿನದ ಮೀಟಿಂಗಿನಲ್ಲಿ ಎಲ್ಲರೆದುರು ನಿಲ್ಲಿಸಿ ಗದರಿದರೆ ಅವಳು ಇನ್ನೊಮ್ಮೆ ನಿಜ ಬರೆಯುವುದಿಲ್ಲ, ಅಲ್ಲಿಂದಾಚೆಗೆ ಎಷ್ಟು ದುಬಾರಿ ತಂತ್ರಾಂಶವಾದರೂ ಸುಳ್ಳಿನ ಲೆಕ್ಕವನ್ನೇ ಅಂದವಾಗಿ ತೋರಿಸುತ್ತದೆ. ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅಲ್ಲಿ ಬರೆದದ್ದು ಮೇಲೆ ಬಂದ ಮೇಲೆ ತಾನಾಗಿ ಏರುವಂತಿರಬೇಕು. ಮೇಸ್ತ್ರಿಗೆ ಇಂಗ್ಲಿಷಿನ ಪಟ್ಟಿ ಕೊಟ್ಟರೆ ಅವನು ಓದುವುದಿಲ್ಲ, ಕನ್ನಡದಲ್ಲಿ ಕೊಟ್ಟರೆ, ಮಾತಿನಲ್ಲಿ ಹೇಳಿ ಕಳಿಸಲು ಬಿಟ್ಟರೆ, ಎಂಜಿನಿಯರಿಗಿಂತ ಹೆಚ್ಚು ಹೇಳುತ್ತಾನೆ.

ಈ ಸೈಟಿನಲ್ಲಿ ಅವನ ಮನಸ್ಸು ಒಲಿದದ್ದು ಅಳತೆಯ ಪುಟದಿಂದ. ಅವನ ಗ್ಯಾಂಗು ಮುಗಿಸಿದ ಗೋಡೆಯ, ಗಾರೆಯ ಅಳತೆ ಅಂದಂದೇ ಅವನ ಫೋನಿಗೂ ಬರುತ್ತದೆ. ಹಿಂದೆ ಬಿಲ್ಲಿನ ಹೊತ್ತಿಗೆ ಅಳತೆ ಪುಸ್ತಕ ಹಿಡಿದು ವಾರಗಟ್ಟಲೆ ಎಳೆದಾಟ, ಶನಿವಾರದ ಬಟವಾಡೆಗೆ ದುಡ್ಡು ಸಾಲದೆ ಬಡ್ಡಿಗೆ ತಂದು ಆಳುಗಳಿಗೆ ಹಂಚಿದ್ದು ಅವನಿಗೆ ಮರೆತಿಲ್ಲ. “ಈಗ ನಂದು ಎಷ್ಟು ಬರಬೇಕು ಅಂತ ನಂಗೇ ಕಾಣ್ತದೆ ಸಾರ್. ಕೇಳೋಕೆ ಧೈರ್ಯ ಬಂತು,” ಎನ್ನುತ್ತಾನೆ.

ನಾಲ್ಕೂ ಕಾಲಿಗೆ ಹದಿನೆಂಟನೆಯ ಲಾರಿ ಖಾಲಿಯಾಯಿತು. ಕೊಳವೆಯನ್ನು ತೊಳೆದ ಬೂದಿ ನೀರು ಚರಂಡಿಗೆ ಹರಿಯುತ್ತಿದೆ. ತಾರಸಿಯ ಒಂದು ತುದಿ ಆಗಲೇ ಬೆಳ್ಳಗೆ ಬಿಗಿಯುತ್ತಾ ಬಂದಿದೆ, ಇನ್ನೊಂದರ ಮೇಲೆ ಕರಣೆಯ ಗೆರೆಗಳಿನ್ನೂ ಒದ್ದೆ. ನಾಳೆ ಬೆಳಿಗ್ಗೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ, ಕನಿಷ್ಠ ಒಂದು ವಾರ ಅದು ಆರದಂತೆ ಕಾಯಬೇಕು. ಎಂಜಿನಿಯರ್ ಗೇಟಿನ ಬಳಿ ಸಿಮೆಂಟಿನ ಇಟ್ಟಿಗೆಯೊಂದರ ಮೇಲೆ ಕೂತು ದಿನದ ವರದಿ ಮುಗಿಸುತ್ತಿದ್ದಾಳೆ: ಲೆಕ್ಕದ ಪ್ರಕಾರ ಬೇಕಾದದ್ದು 106 ಘನ ಮೀಟರ್, ಬಂದದ್ದು 108. ಹೆಚ್ಚಿನ ಆ ಎರಡು ಘನ ಮೀಟರ್ ಪಂಪಿನಲ್ಲೂ ಕೊಳವೆಯಲ್ಲೂ ಉಳಿದು ಹೋದದ್ದು, ಅದನ್ನೂ ಬರೆದಳು.

ಯಾದಗಿರಿಯ ಕಡೆಯ ಹೆಂಗಸೊಬ್ಬಳು ಬಾಂಡ್ಲಿ ತೊಳೆದಿಟ್ಟು, ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು.

“ಮೇಡಂ, ನನ್ನವು ಎಷ್ಟ್ ದಿನ ಆಗ್ಯಾವ್ರೀ?”

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಅದೇ ಮಂಡಳಿಗೆ ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ಸು ಕಟ್ಟಲಾಗುತ್ತದೆ. ಹೆಸರು ಇದ್ದರೆ ಮಕ್ಕಳ ಓದಿಗೆ, ಹೆರಿಗೆಗೆ, ಆಸ್ಪತ್ರೆಗೆ ನೆರವು ಕೇಳಬಹುದು. ಸೈಟಿನಿಂದ ಸೈಟಿಗೆ ಅಲೆಯುವವರ ಹತ್ತಿರ ಆ 90 ದಿನಕ್ಕೆ ಪುರಾವೆ ಎಲ್ಲಿಂದ ಬರಬೇಕು? ಮೇಸ್ತ್ರಿಯ ಜೇಬಿನ ಪುಸ್ತಕ ಮಳೆಗೆ ನೆನೆದರೆ ಮುಗಿಯಿತು. ಬೆಳಿಗ್ಗೆ ಮುಖ ನೋಡಿ ‘ಟಿಂಗ್’ ಎಂದ ಆ ಹಾಜರಿಯನ್ನು ಕೂಲಿ ಕಡಿತಗೊಳಿಸಲು ಬಳಸುವ ಜಾಣರು ಇದ್ದಾರೆ. ಅದೇ ಹಾಜರಿ ಇವಳ ಕೈಗೆ ಕಾಗದವಾಗಿ ಸಿಗಬೇಕು, ಪ್ರತಿ ಸೈಟಿನಲ್ಲೂ, ಕೇಳದೆಯೇ ಸಿಗಬೇಕು.

ಎಂಜಿನಿಯರ್ ಬೆರಳಾಡಿಸಿ ಹುಡುಕಿದಳು. “ಎಂಬತ್ತಾರು ಅಕ್ಕ. ನಡುವೆ ಊರಿಗೆ ಹೋಗಿದ್ರಲ್ಲ, ಅದು ಬಿಟ್ಟು.”

“ಅಂದ್ರ ಇನ್ನ ನಾಕು.”

“ಹೂಂ. ಸೋಮವಾರದ ಹೊತ್ತಿಗೆ ಆಗತ್ತೆ. ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ತಂದಿರಿ, ನಿಮ್ಮ ಜೊತೆ ಬಂದಿರೋ ಆ ಇಬ್ಬರದ್ದೂ. ನಾನು ಹಾಜರಿ ಪ್ರಿಂಟ್ ತೆಗೆದು ಸಾಹೇಬ್ರ ಸೈನ್ ಹಾಕಿಸಿಡ್ತೀನಿ.”

“ಅವರೊಳಗ ಒಬ್ಬಾಕಿಗಿ ಪಾಸ್‌ಬುಕ್ ಇಲ್ರೀ.”

“ಇಲ್ವಾ? ಹಾಗಿದ್ರೆ ನಾಳೆ ಊಟದ ಹೊತ್ತಲ್ಲಿ ಕರ್ಕೊಂಡು ಬನ್ನಿ, ಅಕೌಂಟ್ ತೆಗೆಸೋಣ,” ಎಂದು ಅವಳು ಫೋನಿನಲ್ಲಿ ನಾಳೆಯ ಕೆಲಸಗಳ ಪಟ್ಟಿ ತೆರೆದು, ನೀರು ನಿಲ್ಲಿಸುವ ಕಟ್ಟೆ, ಎಂಟುನೂರು ಬ್ಲಾಕು ಇಳಿಸುವುದು, ಪ್ಲಂಬರನ ಎರಡನೇ ಬಚ್ಚಲು ಇವುಗಳ ಕೆಳಗೆ ಅದನ್ನೂ ಸೇರಿಸಿದಳು.